ಕೌದಿಯ ಹೊಟ್ಟೆ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಬಸ್ ಸ್ಟ್ಯಾಂಡಿನಿಂದ ಎಂದು ನೀವು ಹೇಳುತ್ತೀರಿ. ಇಂಡಿ ಬಸ್ ಸ್ಟ್ಯಾಂಡಿನಿಂದ ಹೊರಟ ಕಥೆ ಸಿಂದಗಿಗೆ ಹೋಗಬಹುದು, ಮುದ್ದೇಬಿಹಾಳಕ್ಕೆ ಹೋಗಬಹುದು, ಕಂಡಕ್ಟರನ ಮನಸ್ಸಿದ್ದರೆ ಬಸವನ ಬಾಗೇವಾಡಿಗೂ ಹೋಗಬಹುದು. ಲೇಖಕನಿಗೆ ಅನುಕೂಲ. ನಾನೂ ಹಾಗೆಯೇ ಶುರು ಮಾಡಿದ್ದೆ:

"ಜನವರಿಯ ಚಳಿ ಇಂಡಿಯನ್ನು ಬಿಗಿಯಾಗಿ ಅಪ್ಪಿಕೊಂಡಿತ್ತು. ನಿಲ್ದಾಣದ ಸಿಮೆಂಟ್ ಕಟ್ಟೆಯ ಮೇಲೆ ಅನಾಥ ವೃದ್ಧೆಯೊಬ್ಬಳು..."

ಇಷ್ಟು ಬರೆಯುವಷ್ಟರಲ್ಲಿ ವೃದ್ಧೆ ತಲೆ ಎತ್ತಿ ನೋಡಿದಳು.

"ಅನಾಥ ಅಂತ ನಿನಗ್ಯಾರ ಹೇಳಿದ್ರು?"

ಯಾರೂ ಹೇಳಿರಲಿಲ್ಲ. ಹೊಡೆದುಹಾಕಿದೆ. (ಚಳಿ ಅಪ್ಪಿಕೊಂಡದ್ದನ್ನೂ ಹೊಡೆದುಹಾಕಿದೆ. ಚಳಿಗೆ ಬೇರೆ ಕೆಲಸವಿಲ್ಲವೇ?) ಆಕೆಯನ್ನು ಅಲ್ಲಿಯೇ ಬಿಟ್ಟು, ಬೇರೆ ಕಡೆಯಿಂದ ಬರುತ್ತೇನೆ.

೨

ನಮ್ಮ ಗುಂಪಿನ ಹೆಸರು 'ಬೆಚ್ಚಗಿರಲಿ ಇಂಡಿ'. ಮನೆಯಿಲ್ಲದೆ ಊರಲ್ಲಿ ಅಲ್ಲಿ ಇಲ್ಲಿ ಮಲಗುವವರಿಗೆ ಹೊದಿಕೆ, ಊಟ, ಔಷಧ ಮುಟ್ಟಿಸುವುದು ಉದ್ದೇಶ. ವಾಟ್ಸಾಪಿನಲ್ಲಿ ತೊಂಬತ್ತಾರು ಮಂದಿ ಇದ್ದೇವೆ, ನೆಲದ ಮೇಲೆ ನಾಲ್ಕೇ ಜನ. ಗುಂಪು ಕಟ್ಟಿದವಳು ನರ್ಸ್ ಸುವರ್ಣಾ. ಬಸ್ ಸ್ಟ್ಯಾಂಡಿನಲ್ಲಿ ಚಹಾ ಅಂಗಡಿ ಇಟ್ಟ ಕಾಂತು ಎರಡನೆಯವನು. ಯಾರು ಎಲ್ಲಿ ಮಲಗುತ್ತಾರೆ, ಯಾರಿಗೆ ಜ್ವರ ಬಂದಿದೆ ಎಂಬುದೆಲ್ಲ ಮೊದಲು ತಿಳಿಯುವುದು ಅವನಿಗೆ. ಮೂರನೆಯವಳು ಸುಗ್ರಾ. ನಾಲ್ಕನೆಯವನು ನಾನು, ನನ್ನ ಕೆಲಸ ಫೋಟೊ ತೆಗೆಯುವುದು. (ಕೈಯಲ್ಲಿ ಫೋನ್ ಹಿಡಿದವನಿಗೆ ಯಾರೂ ಚೀಲ ಹೊರಲು ಹೇಳುವುದಿಲ್ಲ. ಬೇಕಾದರೆ ಪರೀಕ್ಷಿಸಿ ನೋಡಿ.)

ಕಥೆ ಸುಗ್ರಾಳದು. ಅರವತ್ತೆರಡು ವರ್ಷ, ಎರಡೂ ಮೊಣಕಾಲು ನೋವು, ನಿಂಬೆಹಣ್ಣಿನ ವ್ಯಾಪಾರಿ ನಬಿಲಾಲನ ಹೆಂಡತಿ. ಸಾಲೋಟಗಿ ರಸ್ತೆಯ ಮನೆಯ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಕೌದಿ ಹೊಲಿಯುತ್ತಾಳೆ. ಹಳೆಯ ಸೀರೆ, ಓಢಣಿ, ನಬಿಲಾಲನ ಲುಂಗಿ, ಎಲ್ಲವನ್ನೂ ಪದರು ಪದರಾಗಿ ಹಾಸಿ, ಅಂಚಿನಿಂದ ನಡುವಿಗೆ ಗೆರೆ ಎಳೆದಂತೆ ದಾರ ಓಡಿಸುತ್ತಾಳೆ. ನಬಿಲಾಲ ಇನ್ನೂ ಉಡುತ್ತಿರುವ ಲುಂಗಿಯೂ ಒಮ್ಮೊಮ್ಮೆ ಕಾಣೆಯಾಗುವುದುಂಟು. ನಾನು ಆಕೆಯನ್ನು ಚಾಚಿ ಎನ್ನುತ್ತೇನೆ. ಆಕೆ ನನ್ನನ್ನು ತಮ್ಮಾ ಎನ್ನುತ್ತಾಳೆ, ಸಿಟ್ಟು ಬಂದಾಗ ಸಾಹಿತಿಗಳ ಎನ್ನುತ್ತಾಳೆ.

ಆ ಚಳಿಗಾಲದಲ್ಲಿ ಸುಗ್ರಾಳಿಗೆ ಒಂದೇ ಹಟವಿತ್ತು. ಸಿಂದಗಿ ಪ್ಲಾಟ್‌ಫಾರ್ಮಿನ ಬೋರ್ಡಿನ ಕೆಳಗೆ ಬರಿಯ ಗೊಬ್ಬರದ ಚೀಲ ಹೊದ್ದು ಮಲಗುವ ಒಬ್ಬ ಮುದುಕಿ ಇದ್ದಳಲ್ಲ (ಮೊದಲನೆಯ ಭಾಗದಲ್ಲಿ ನನ್ನನ್ನು ಗದರಿದವಳು), ಆಕೆ ಕೌದಿ ಹೊದೆಯಬೇಕು. ಎರಡು ವರ್ಷದಿಂದ ಗುಂಪು ಕೊಟ್ಟ ಆರು ಬ್ಲಾಂಕೆಟ್ಟುಗಳನ್ನು ಮುದುಕಿ ಮುಟ್ಟಿರಲಿಲ್ಲ. ಈ ಸಲ ಕೆಮ್ಮು ಹಿಡಿದಿತ್ತು.

"ಎದಿ ಕಟ್ಟೈತ್ರಿ ಚಾಚಿ," ಎಂದು ಸುವರ್ಣಾ ಹೇಳಿದ್ದಳು. "ಇನ್ನೊಂದ ತಿಂಗಳ ಹಿಂಗ ಮಲಗಿದ್ರ ಆಕಿ ಸಂಕ್ರಮಣ ಕಾಣೂದಿಲ್ಲ."

ಅಂದಿನಿಂದ ಸುಗ್ರಾಳ ಸೂಜಿ ನಿಲ್ಲಲಿಲ್ಲ. ಆ ಮುದುಕಿಗೊಂದು, ಉಳಿದವರಿಗೆ ಆರು, ಒಟ್ಟು ಏಳು ಕೌದಿ.

೩

ಸುಗ್ರಾಳಿಗೆ ಆಕೆಯ ಅತ್ತೆ ಕಲಿಸಿದ ಒಂದು ಪದ್ಧತಿಯಿದೆ. ಕೌದಿಯ ಹೊಟ್ಟೆ ತುಂಬಿಸದೆ ದಾರ ಕಡಿಯಬಾರದು. ನಟ್ಟನಡುವೆ ಕಿಸೆಯಷ್ಟು ಬಾಯಿ ಬಿಟ್ಟು, ಒಳಗೆ ಒಂದು ಚೂರು ಒಣರೊಟ್ಟಿಯನ್ನೋ ಚಿಟಿಕೆ ಸಕ್ಕರೆಯನ್ನೋ ಇಟ್ಟು, ಆಮೇಲೆ ಬಾಯಿ ಹೊಲಿಯಬೇಕು. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಕೊಡುವುದಿಲ್ಲ.

ಏಳೂ ಕೌದಿ ಮುಗಿಯುವ ದಿನ ಸುವರ್ಣಾ ಒಂದು ಪ್ರಶ್ನೆ ಎತ್ತಿದಳು.

"ಮನಿ ಇದ್ದವರ ಕೌದಿಗೆ ಚೂರ ರೊಟ್ಟಿ ಇಡ್ತೀರಿ. ಮನಿ ಇಲ್ಲದವರ ಕೌದಿಗೂ ಅಷ್ಟ ಏನ್ರಿ ಚಾಚಿ?"

ಸುಗ್ರಾ ಸೂಜಿ ಹಿಡಿದುಕೊಂಡು ಯೋಚಿಸಿದಳು. ಮಾತು ನ್ಯಾಯವಾಗಿತ್ತು. "ಖರೇ ಅಂದಿ," ಎಂದಳು. ಸುವರ್ಣಾ ಮನೆಗೆ ಹೋಗಿ ಹೋಳಿಗೆ ತಂದಳು. ಒಂದೊಂದು ಕೌದಿಯ ಹೊಟ್ಟೆಗೂ ಕಾಲು ಕಾಲು ಹೋಳಿಗೆ ಹೋಯಿತು, ಮೇಲೆ ತುಪ್ಪ. ಕೊಡುವುದಾದರೆ ಕೈಬಿಚ್ಚಿ ಕೊಡಬೇಕು ಎಂದು ಸುಗ್ರಾ ಇನ್ನೊಂದು ಚಮಚ ತುಪ್ಪ ಬಿಟ್ಟಳು. ನಾನು ತುಪ್ಪದ ಹೊಳಪು ಕಾಣುವ ಹಾಗೆ ಹತ್ತಿರದಿಂದ ಫೋಟೊ ಹೊಡೆದು ಗುಂಪಿಗೆ ಹಾಕಿದೆ. ನಲವತ್ತೊಂದು ಹೆಬ್ಬೆರಳು ಬಂದವು.

ತೊಂಬತ್ತಾರು ಮಂದಿಯಲ್ಲಿ ಒಬ್ಬರಿಗೂ ಒಂದು ವಿಷಯ ಹೊಳೆಯಲಿಲ್ಲ. ನಿಮಗೆ ಹೊಳೆದಿದ್ದರೆ ದಯವಿಟ್ಟು ಸುಮ್ಮನಿರಿ, ನಾಲ್ಕನೆಯ ಭಾಗ ಚೆನ್ನಾಗಿದೆ, ಅದನ್ನು ಹಾಳು ಮಾಡಬೇಡಿ.

೪

ಮುದುಕಿಯನ್ನು ಎಲ್ಲರೂ ಸಿಂದಗಿ ಅವ್ವ ಎನ್ನುತ್ತಾರೆ, ಆ ಬೋರ್ಡಿನ ಕೆಳಗೆ ಕೂರುತ್ತಾಳೆಂದು. ಆಕೆ ಸಿಂದಗಿ ಬಸ್ಸು ಹತ್ತಿದ್ದನ್ನು ಯಾರೂ ನೋಡಿಲ್ಲ. ಕಥೆಗೆ ಸರಿಯಾದ ಹೆಸರಿರಲಿ ಎಂದು ನಾನು ಒಮ್ಮೆ ಕೇಳಿದೆ:

"ಶಂಕ್ರೆವ್ವ ಅಂತ ಬರೀಲೇನಬೇ?"

"ಶಂಕ್ರೆವ್ವ ನಮ್ಮ ನೆಗೆಣ್ಣಿ. ಆಕಿ ಹೆಸರ ನನಗ್ಯಾಕ?"

ನೆಗೆಣ್ಣಿ! ಅಂದರೆ ಗಂಡನಿದ್ದ, ಗಂಡನಿಗೊಬ್ಬ ತಮ್ಮನಿದ್ದ, ಒಂದು ಅಂಗಳವಿತ್ತು, ಎರಡು ಒಲೆ ಇದ್ದವು, ಜಗಳವಾಯಿತು... ನಾನು ಪೆನ್ನು ತೆಗೆಯುವಷ್ಟರಲ್ಲಿ ಆಕೆ ಚೀಲವನ್ನು ತಲೆಯ ಮೇಲೆ ಎಳೆದುಕೊಂಡು ಗೋಡೆಗೆ ಮುಖ ಮಾಡಿದಳು. (ಮನೆಯಿಲ್ಲದವರಿಗೆ ಲೇಖಕರು ಮೊದಲು ಕೊಡುವುದು ಹಿನ್ನೆಲೆ. ಅದನ್ನು ಹೊದ್ದುಕೊಳ್ಳಲು ಬರುವುದಿಲ್ಲ.)

ಕೌದಿ ಕೊಡುವ ದಿನ ಸುಗ್ರಾ ಮಧ್ಯಾಹ್ನದ ನಮಾಜು ಮುಗಿಸಿ ಬಂದಳು. ನನ್ನ ಫೋನನ್ನು ನನ್ನ ಜೇಬಿಗೆ ತಾನೇ ತುರುಕಿ, ಕಾಂತುವಿನ ಅಂಗಡಿಯ ಒಳಗೆ ನಿಲ್ಲಿಸಿದಳು.

"ಇಲ್ಲೇ ನಿಂದ್ರು. ಆಕಿ ಕಣ್ಣಿಗೆ ಬೀಳಬ್ಯಾಡ."

ಆಮೇಲೆ ಹೋಗಿ ಮುದುಕಿಯ ಪಕ್ಕದಲ್ಲಿ ಕೂತಳು. ಕೊಡಲಿಲ್ಲ, ತಗೋ ಎನ್ನಲೂ ಇಲ್ಲ. ಕೌದಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಕಾಯುವವಳ ಹಾಗೆ ಕೂತಳು. ಒಂದು ಸಿಂದಗಿ ಬಸ್ಸು ಹೋಯಿತು. ಇನ್ನೊಂದು ಬಂದು ನಿಂತಾಗ ಮುದುಕಿಯ ಕೈ ತಾನಾಗಿ ಬಂದು ಕೌದಿಯ ಅಂಚು ಮುಟ್ಟಿತು. ಬೆರಳು ದಾರದ ಮೇಲೆ ನಡೆಯುತ್ತ ಹೋಗಿ ಒಂದು ಕಡೆ ನಿಂತಿತು.

"ಇಲ್ಲಿ ಗೆರಿ ಸೊಟ್ಟ ಆಗೇತಿ."

"ಕಣ್ಣ ಕಾಣವಲ್ವು ಯಕ್ಕಾ."

"ಕಣ್ಣಲ್ಲ. ದಾರ ಬಾಳ ಎಳದಿ."

ಸುಗ್ರಾ ಒಪ್ಪಿಕೊಂಡಳು. ಎಳೆದಿದ್ದಳು, ಅವಸರವಿತ್ತು.

"ಹೊಟ್ಟಿ ತುಂಬಿಸಿಯೇನ?"

"ತುಂಬಿಸೇನಿ. ಹೋಳಿಗಿ ಇಟ್ಟೇನಿ."

"ಕೌದಿಗೆ ಹೋಳಿಗಿ?" ಮುದುಕಿ ನಕ್ಕಳು, ನಗು ಕೆಮ್ಮಾಯಿತು. "ನನಗ ಕೊಟ್ಟಿದ್ರ ತಿಂತಿದ್ನೆಲ್ಲ, ತಂಗಿ."

ಹೇಳಿ, ಕೌದಿಯನ್ನು ಸುಗ್ರಾಳ ತೊಡೆಯಿಂದ ಎತ್ತಿ ತಾನೇ ಹೆಗಲಿಗೆ ಹಾಕಿಕೊಂಡಳು. ಸುಗ್ರಾ ಅಂಗಡಿಗೆ ಬಂದು ಚಹಾ ಕೇಳಿದಳು, ಅದು ತಣ್ಣಗಾಗುವವರೆಗೆ ಕುಡಿಯಲಿಲ್ಲ. ಅಷ್ಟು ಸಂತೋಷವಾಗಿತ್ತು. ಸಂಜೆಯೊಳಗೆ ಉಳಿದ ಆರು ಕೌದಿಗಳನ್ನೂ ಸ್ಟ್ಯಾಂಡಿನಲ್ಲೇ ಮಲಗುವ ಇತರರಿಗೆ ಸುವರ್ಣಾ ಹಂಚಿ ಮುಗಿಸಿದಳು.

೫

ಐದನೆಯ ಭಾಗ ಇಲ್ಲ. ಮುಂದೆ ಹೋಗಿ.

೬

ನಾಯಿಗಳು.

ಹೌದು, ನಾಯಿಗಳು. ಪಡಸಾಲೆಯಲ್ಲಿ ಕೌದಿ ಹೊಲಿಯುವವರಿಗೆ ನಾಯಿಯ ನೆನಪಾಗುವುದಿಲ್ಲ, ಯಾಕೆಂದರೆ ಮನೆಗೆ ಬಾಗಿಲಿರುತ್ತದೆ. ಬಸ್ ಸ್ಟ್ಯಾಂಡಿಗೆ ಬಾಗಿಲಿಲ್ಲ. ಅಲ್ಲಿ ಹದಿನೈದು ನಾಯಿಗಳಿವೆ, ಹದಿನೈದಕ್ಕೂ ಮೂಗಿದೆ.

ಬೆಳಿಗ್ಗೆ ಸುಗ್ರಾ ಬಂದಾಗ ಕಾಂತು ನಗಬೇಕೋ ಅಳಬೇಕೋ ತಿಳಿಯದೆ ನಿಂತಿದ್ದ. "ಏಳಕ್ಕ ಏಳೂ ಹೊಟ್ಟಿ ಹರದಾವ್ರಿ ಚಾಚಿ. ನಡಬರಕ, ಬರೋಬ್ಬರಿ ನಡಬರಕ. ಅಂಚ ಮುಟ್ಟಿಲ್ಲ. ಅವ್ವಂದೂ ಹರದಿತ್ತು, ನಸಕಿನ್ಯಾಗ ನೋಡೇನಿ." ಗಡಿಯಾರದ ಕಟ್ಟೆಯ ಮೇಲೆ ಮಲಗುವ ಕುಂಟ ಸಿದ್ಧರಾಮ ತನ್ನ ಕೌದಿಯ ತೂತಿನಲ್ಲಿ ತಲೆ ತೂರಿಸಿ ಅಂಗಿಯ ಹಾಗೆ ತೊಟ್ಟುಕೊಂಡು ಬೀಡಿ ಸೇದುತ್ತಿದ್ದ. ಹೀಗೇ ಚಲೋ ಇದೆ, ಕೈ ಎರಡೂ ಹೊರಗೆ ಇರುತ್ತವೆ ಎಂದ.

ಸುಗ್ರಾ ನಗಲಿಲ್ಲ. ಸಿಂದಗಿ ಬೋರ್ಡಿನ ಕೆಳಗೆ ಗೊಬ್ಬರದ ಚೀಲ ಮಾತ್ರ ಬಿದ್ದಿತ್ತು. ಮುದುಕಿ ಇರಲಿಲ್ಲ, ಕೌದಿಯೂ ಇರಲಿಲ್ಲ.

"ಎರಡ ವರ್ಷ ಇಲ್ಲೇ ಇದ್ಲು," ಎಂದು ಸುಗ್ರಾ ಕಟ್ಟೆಯ ಮೇಲೆ ಕೂತಳು. "ಯಾರ್ದೂ ಒಂದ ಚೂರ ತಗೊಂಡಿರ್ಲಿಲ್ಲ. ನಂದ ತಗೊಂಡ್ಲು. ನಾನ ಆಕಿ ಮ್ಯಾಲ ನಾಯಿ ಬಿಟ್ಟಂಗಾತು."

ಸಂಕ್ರಮಣಕ್ಕೆ ಒಂಬತ್ತು ದಿನ ಉಳಿದಿತ್ತು.

೭

ಇಲ್ಲಿ ನಾನು ಲೇಖಕನಾಗಿ ಚುರುಕಾದೆ. ಮೂರು ಕರಡು ಬರೆದೆ.

ಮೊದಲ ಕರಡಿನಲ್ಲಿ ಮುದುಕಿ ಕೊನೆಗೂ ಸಿಂದಗಿ ಬಸ್ಸು ಹತ್ತಿದಳು, ಅಲ್ಲಿ ಆಕೆಯ ನೆಗೆಣ್ಣಿ ಬಾಗಿಲಲ್ಲೇ ಕಾಯುತ್ತಿದ್ದಳು, ಇಬ್ಬರೂ ಅತ್ತರು. ಎರಡನೆಯದರಲ್ಲಿ ಮುದ್ದೇಬಿಹಾಳದ ಒಂದು ಅಂಗಡಿಯ ಮುಂದೆ ಹರಿದ ಕೌದಿ ಸಿಕ್ಕಿತು, ಆಕೆ ಸಿಗಲಿಲ್ಲ. (ಇದಕ್ಕೆ ಪ್ರಶಸ್ತಿ ಬರುವ ಸಾಧ್ಯತೆಯಿತ್ತು.) ಮೂರನೆಯದರಲ್ಲಿ ಸುಗ್ರಾ ಬಸವನ ಬಾಗೇವಾಡಿಯವರೆಗೆ ಹುಡುಕುತ್ತ ಹೋಗಿ, ಸುಸ್ತಾಗಿ, ತಾನೇ ಒಂದು ಬಸ್ ಸ್ಟ್ಯಾಂಡಿನಲ್ಲಿ ಮಲಗಬೇಕಾಗಿ ಬಂದು, ಜೀವನದ ಅರ್ಥ ತಿಳಿದುಕೊಂಡಳು.

ಮೂರನ್ನೂ ಸುಗ್ರಾಳಿಗೆ ಓದಿ ತೋರಿಸಿದೆ. ಆಕೆ ಹರಿದ ಕೌದಿಗಳಿಗೆ ತೇಪೆ ಹಾಕುತ್ತಿದ್ದಳು.

"ಬಾಗೇವಾಡಿಗೆ ನಾ ಯಾಕ ಹೋಗ್ಲಿ? ಈ ಮೊಣಕಾಲ ಇಟಗೊಂಡ?"

"ಕಥೆಯಲ್ಲಿ ಮೊಣಕಾಲು ನೋಯುವುದಿಲ್ಲ, ಚಾಚಿ."

"ಹಂಗಾರ ನೀನ ಹೋಗು. ಆಕಿ ಕಡೆ ಆಧಾರ ಕಾರ್ಡ್ ಐತೇನ? ಇಲ್ಲ. ಕಾರ್ಡ್ ಇಲ್ಲಂದ್ರ ಫುಕಟ್ ಬಸ್ಸಿಗೆ ಹತ್ತಿಸ್ತಾರೇನ? ಇಲ್ಲ. ಆಕಿ ಇಂಡ್ಯಾಗ ಅದಾಳ. ಇದ ಊರಾಗ, ಎಲ್ಲ್ಯೋ ಕೆಮ್ಮಕೋಂತ ಕುಂತಾಳ. ನೀ ಮೂರೂರ ತಿರಗಾಕತ್ತಿ."

ಮೂರು ದಿನ ಹುಡುಕಿದೆವು. ಸುವರ್ಣಾ ಡ್ಯೂಟಿ ಮುಗಿಸಿ ಸ್ಕೂಟಿಯಲ್ಲಿ ಹೊರ್ತಿ, ತಾಂಬಾದವರೆಗೂ ಹೋಗಿ ಬಂದಳು. ಸುಗ್ರಾ ಊಟ ಅರ್ಧಕ್ಕೇ ಬಿಡುತ್ತಿದ್ದಳು. ಮನೆಯಲ್ಲಿ ಹೋಳಿಗೆಯ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದಳು. "ಚೂರ ರೊಟ್ಟಿ ಇಟ್ಟಿದ್ರ ಆಗ್ತಿತ್ತು. ನಾನ ದೊಡ್ಡಸ್ತನಾ ಮಾಡಾಕ ಹೋದೆ," ಎಂದು ನಬಿಲಾಲನಿಗೂ, ಗೋಡೆಗೂ, ನನಗೂ ಹೇಳಿದಳು. ನಾನು ಸಮಾಧಾನ ಹೇಳಿದೆ. ನಾಯಿಗಳದು ತಪ್ಪು ಎಂದೆ, ತುಪ್ಪದ್ದು ಎಂದೆ, ಒಮ್ಮೆ ವ್ಯವಸ್ಥೆಯದು ಎಂದೂ ಅಂದೆ.

೫ (ಇಲ್ಲ ಎಂದಿದ್ದೆ, ಇತ್ತು)

ನಾಲ್ಕನೆಯ ದಿನ ತಡೆಯಲಾಗಲಿಲ್ಲ. ನೀವೂ ಓದಿ, ಸುಗ್ರಾಳ ಮುಂದೆ ಹೇಳಿದ್ದನ್ನೇ ನಿಮ್ಮ ಮುಂದೆಯೂ ಹೇಳುತ್ತೇನೆ.

ಕೌದಿ ಕೊಟ್ಟ ದಿನ ನಾನು ಫೋಟೊ ತೆಗೆದಿದ್ದೆ. ಕಾಂತುವಿನ ಸಕ್ಕರೆ ಡಬ್ಬಿಯ ಹಿಂದಿನಿಂದ, ಮುದುಕಿ ನಗುತ್ತಿದ್ದಾಗ. ಎಂಥ ಫೋಟೊ! ಫೋನ್ ಕಂಡರೆ ಚೀಲವನ್ನು ಮುಖದ ಮೇಲೆ ಎಳೆದುಕೊಳ್ಳುವವಳು; ಎರಡು ವರ್ಷದಲ್ಲಿ ಆಕೆಯ ಮುಖ ಕಂಡದ್ದು ಅದೊಂದರಲ್ಲೇ. 'ಕೊನೆಗೂ ಬೆಚ್ಚಗಾದ ಸಿಂದಗಿ ಅವ್ವ' ಎಂದು ಬರೆದು ಗುಂಪಿಗೆ ಹಾಕಿದೆ. ಅಲ್ಲಿಂದ ಅದು ಊರ ತುಂಬ ಹೋಯಿತು, ಫೋನಿಲ್ಲದ ಸುಗ್ರಾಳೊಬ್ಬಳನ್ನು ಬಿಟ್ಟು. ಅಂದು ಸಂಜೆಯೇ ಯಾರೋ ಒಬ್ಬ ಪ್ರಯಾಣಿಕ ಬೋರ್ಡಿನ ಕೆಳಗೆ ಬಗ್ಗಿ, ನೀ ಫೇಮಸ್ ಆಗೀಯಬೇ ಎಂದು ಮುದುಕಿಗೆ ಫೋನ್ ತೋರಿಸಿದನಂತೆ. ಆಕೆ ಬಹಳ ಹೊತ್ತು ಅದನ್ನೇ ನೋಡಿದಳಂತೆ. ಕಾಂತು ಮರುದಿನವೇ ನನಗೆ ಇದನ್ನು ಹೇಳಿದ್ದ. ಯಾರಿಗೂ ಹೇಳಬೇಡ ಎಂದು ನಾನೇ ಅವನ ಬಾಯಿ ಮುಚ್ಚಿಸಿದ್ದೆ.

ಸುಗ್ರಾ ಸೂಜಿಯನ್ನು ಬಟ್ಟೆಗೆ ಚುಚ್ಚಿ ಕೆಳಗಿಟ್ಟಳು.

"ಮೂರ ದಿನ ನಾ ಹೋಳಿಗಿ ಹೋಳಿಗಿ ಅಂತ ಅಳೂವಾಗ ನೀ ಇಲ್ಲೇ ಕುಂತ ಚಾ ಕುಡದಿ, ಸಾಹಿತಿಗಳ."

ನಾಚಿಕೆಯಾಯಿತು. ಅದನ್ನು ಚೆಂದವಾಗಿ ಹೇಳಲು ಪ್ರಯತ್ನಿಸಿದ ನಾಲ್ಕು ವಾಕ್ಯಗಳನ್ನು ಈಗಷ್ಟೇ ಅಳಿಸಿದ್ದೇನೆ. ಆಕೆಯ ಎದುರಿಗೇ ಫೋಟೊ ಅಳಿಸಿದೆ, ಗುಂಪಿನಿಂದಲೂ ತೆಗೆದೆ. ಊರಿನ ಫೋನುಗಳಿಂದ ತೆಗೆಯಲು ನನ್ನಿಂದಾಗದು.

ಆಗ ನಬಿಲಾಲ ಮಾರುಕಟ್ಟೆಯಿಂದ ಬಂದ. ಚಪ್ಪಲಿ ಬಿಡುತ್ತ, ಹವೆಯ ಬಗ್ಗೆ ಹೇಳುವವನಂತೆ ಹೇಳಿದ:

"ನಮ್ಮ ನಿಂಬಿ ಶೆಡ್ಡಿನ ಹಿಂದ ಒಬ್ಬಾಕಿ ಮುದಕಿ ಬಂದ ಕುಂತಾಳ. ಮೂರ ನಾಕ ದಿನಾ ಆತು. ಬಾಳ ಕೆಮ್ಮತಾಳ. ಮೈಮ್ಯಾಲ ನನ್ನ ಲುಂಗಿ ಕಂಡಂಗಾತು."

"ಮೂರ ದಿನದಿಂದ ಯಾಕ ಹೇಳಿಲ್ಲ?" ಎಂದು ಸುಗ್ರಾ ಕೇಳಿದಳು.

"ನೀ ಎಲ್ಲಿ ಕೇಳಿದಿ?"

೮

ನಿಂಬೆಹಣ್ಣಿನ ಶೆಡ್ಡಿನ ಹಿಂದೆ, ಒಂದರ ಮೇಲೊಂದು ಪೇರಿಸಿದ ಚೀಲಗಳ ಸಂದಿಯಲ್ಲಿ ಗಾಳಿ ಬಾರದ ಒಂದು ಮೂಲೆಯಿದೆ. ಕೊಳೆತ ಹಣ್ಣಿನ ಹುಳಿ ವಾಸನೆಗೆ ನಾಯಿಗಳು ಆ ಕಡೆ ಸುಳಿಯುವುದಿಲ್ಲ. ಇದು ನಮ್ಮ ತೊಂಬತ್ತಾರು ಮಂದಿಗೆ ತಿಳಿದಿರಲಿಲ್ಲ, ಮುದುಕಿಗೆ ತಿಳಿದಿತ್ತು. ಕೇಳಿದ್ದರೆ ಹೇಳುತ್ತಿದ್ದಳೇನೋ. ಕೌದಿಯನ್ನು ತೊಡೆಯ ಮೇಲೆ ಹರಡಿಕೊಂಡು ಕೂತಿದ್ದಳು. ಹರಿದ ಹೊಟ್ಟೆಯ ಅಂಚುಗಳನ್ನು ಬೆರಳಿನಿಂದ ಮಡಚಿ ಮಡಚಿ ನೋಡುತ್ತಿದ್ದಳು.

ಸುಗ್ರಾಳನ್ನು ಕಂಡದ್ದೇ ಕೇಳಿದಳು: "ಸೂಜಿ ತಂದಿಯೇನ?"

ಸುಗ್ರಾ ಕೂತಳು. ಮೊಣಕಾಲು ಕಟಕಟ ಎಂದವು. "ನನ್ನ ತಪ್ಪಾತು ಯಕ್ಕಾ. ಹೋಳಿಗಿ ಇಡಬಾರದಿತ್ತು. ನಾಯಿಗೋಳು..."

"ನಾಯಿದೇನೈತಿ? ಹಸದಿದ್ವು, ತಿಂದ್ವು." ಮುದುಕಿ ನನ್ನ ಕಡೆ ತಿರುಗಿದಳು. "ನೀ ಹಸದಿದ್ದೇನೋ ತಮ್ಮಾ?"

ನೀವು ಏನು ಉತ್ತರ ಕೊಡುತ್ತಿದ್ದಿರೋ ಗೊತ್ತಿಲ್ಲ. ನಾನು ತಪ್ಪಾಯಿತು ಎಂದೆ. ಆಕೆ ಪರವಾಗಿಲ್ಲ ಎನ್ನಲಿಲ್ಲ. (ಎನ್ನಿಸಬಹುದಿತ್ತು, ಪೆನ್ನು ನನ್ನ ಕೈಯಲ್ಲೇ ಇದೆ. ಎರಡು ಸಲ ಬರೆದೆ, ಎರಡು ಸಲವೂ ಆಕೆ ಬಾಯಿ ಬಿಡಲಿಲ್ಲ.)

ಸುವರ್ಣಾ ಬಂದು ಎದೆಗೆ ಕೊಳವೆ ಇಟ್ಟು ನೋಡಿ ಔಷಧ ಕೊಟ್ಟಳು. ಅದನ್ನು ಮುದುಕಿ ತೆಗೆದುಕೊಂಡಳು. ನಬಿಲಾಲ ಆ ಮೂಲೆಗೆ ಒಂದು ತಾಡಪತ್ರಿ ಕಟ್ಟಿ, ಕೆಳಗೆ ಖಾಲಿ ಚೀಲ ಹಾಸಿ ಕೊಟ್ಟ. ಇದು ತನ್ನ ಕೆಲಸವಲ್ಲ ಎಂದು ಗೊಣಗುತ್ತಲೇ ಕಟ್ಟಿದ.

೯

ಈಗ ಮುಕ್ತಾಯ. ಮೂರು ಸಿದ್ಧವಿವೆ.

ಕ) ಸುಗ್ರಾ ಆಕೆಯನ್ನು ಮನೆಗೆ ಕರೆಯುತ್ತಾಳೆ, ಇಬ್ಬರೂ ಪಡಸಾಲೆಯಲ್ಲಿ ಕೌದಿ ಹೊಲಿಯುತ್ತ ಸುಖವಾಗಿರುತ್ತಾರೆ. ಇದು ನನಗೂ ಇಷ್ಟ, ಸುಗ್ರಾ ಕರೆದದ್ದೂ ನಿಜ. "ಬಾ ಯಕ್ಕಾ, ಪಡಸಾಲಿ ಖಾಲಿ ಐತಿ." ಮುದುಕಿ ಹೇಳಿದ್ದು: "ಎರಡ ದಿನಾ ಬೀಗತಿ ಅಂತೀರಿ, ಮೂರನೇ ದಿನಾ ಯಾಕಿನ್ನೂ ಹೋಗಿಲ್ಲ ಅಂತೀರಿ. ಒಮ್ಮೆ ಕಂಡೇನಿ. ಬ್ಯಾಡ."

ಖ) ಸುವರ್ಣಾಳದು: ಇನ್ನು ಮೇಲೆ ಎಲ್ಲ ಕೌದಿಗಳ ಹೊಟ್ಟೆಗೂ ಒಣಗಿದ ನಿಂಬೆ ಸಿಪ್ಪೆ, ನಾಯಿಯ ಕಾಟವಿಲ್ಲ, ಯೋಜನೆ ಯಶಸ್ವಿ. (ಇದಕ್ಕೆ ಈಗಾಗಲೇ ಐವತ್ತೆರಡು ಹೆಬ್ಬೆರಳು ಬಂದಿವೆ.)

ಗ) ಸಂಕ್ರಮಣದ ಮುಂಜಾನೆ ಆ ಮೂಲೆ ಖಾಲಿಯಾಗಿರುತ್ತದೆ. ಇದನ್ನು ಬರೆದ ಕೂಡಲೇ ಸುಗ್ರಾ ಹಾಳೆ ಕಸಿದುಕೊಂಡು ಹರಿದಳು. "ಸುಳ್ಳ ಸಾಯಸಬ್ಯಾಡ," ಎಂದಳು.

ಹಾಗಾಗಿ ನಡೆದಷ್ಟನ್ನು ಹೇಳುತ್ತೇನೆ. ಸಂಕ್ರಮಣದ ಮಧ್ಯಾಹ್ನ ಸುಗ್ರಾ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತಂದಳು. ಮುದುಕಿ ಕಂಡಳು, ಸಂಕ್ರಮಣವನ್ನೂ ರೊಟ್ಟಿಯನ್ನೂ. ಕೆಮ್ಮು ಇನ್ನೂ ಇತ್ತು, ಸ್ವಲ್ಪ ಸಡಿಲವಾಗಿತ್ತು. ಕೌದಿಯ ತೂತಿಗೆ ಆಕೆ ತಾನೇ ತೇಪೆ ಹಾಕಿದ್ದಳು, ದಾರ ಎಳೆಯದೆ, ನೆಟ್ಟಗೆ. ಮೂರು ಕಡೆ ಹೊಲಿದು ನಾಲ್ಕನೆಯ ಕಡೆ ಬಾಯಿ ಬಿಟ್ಟಿದ್ದಳು. ಸುಗ್ರಾ ರೊಟ್ಟಿಯಿಂದ ಒಂದು ಚೂರು ಮುರಿದು, ಈ ಸಲ ತುಪ್ಪವಿಲ್ಲದೆ, ಅದರೊಳಗೆ ಇಡಲು ಹೋದಳು.

"ಬ್ಯಾಡ," ಎಂದು ಮುದುಕಿ ಕೈ ಹಿಡಿದಳು. "ಅದನ್ನ ನಾ ತಿಂತೇನಿ. ಅದರ ಬಾಯಿ ಹಂಗ ಇರ್ಲಿ."

"ಹಸದಿರ್ತೈತಿ ಯಕ್ಕಾ."

"ಇರೂದಿಲ್ಲ. ನನಗ ಇಡಾಕ ಒಂದ ಜಾಗಾ ಬೇಕಾಗಿತ್ತು."

ಸೀರೆಯ ಒಳಸೆರಗಿನಿಂದ ಗಂಟು ಕಟ್ಟಿದ ಏನನ್ನೋ ತೆಗೆದಳು. ಮುಷ್ಟಿಯಲ್ಲಿ ಅಡಗುವಷ್ಟು ಸಣ್ಣದು. ಎರಡು ವರ್ಷ ಕಟ್ಟೆಯ ಮೇಲೆ ಮಲಗುವಾಗ ಅದನ್ನು ಎಲ್ಲಿಟ್ಟುಕೊಂಡಿದ್ದಳೋ. ಗಂಟು ಬಿಚ್ಚುವ ಮೊದಲು ತಲೆ ಎತ್ತಿ ನೋಡಿದಳು.

"ತಮ್ಮಾ, ಅತ್ತಾಗ ಹೊಳ್ಳಿ ನಿಂದ್ರು."

ನಾನು ಹೊರಳಿ ನಿಂತಿದ್ದೇನೆ. ನನ್ನ ಮುಂದೆ ನಿಂಬೆಹಣ್ಣಿನ ಚೀಲಗಳಿವೆ, ಒಂದಕ್ಕೆ ಬಾಯಿ ಕಟ್ಟಿಲ್ಲ. ಫೋನು ನಬಿಲಾಲನ ಹತ್ತಿರವಿದೆ. ಗಂಟಿನಲ್ಲಿರುವುದು ಬೀಗದ ಕೈ ಇರಬಹುದು, ತಾಳಿಯ ಗುಂಡು ಇರಬಹುದು, ಯಾರದೋ ಹಾಲುಹಲ್ಲು ಇರಬಹುದು; ಒಂದೊಂದಕ್ಕೂ ಒಂದೊಂದು ಕಥೆ ನನ್ನ ತಲೆಯಲ್ಲಿ ತಯಾರಾಗುತ್ತಿದೆ, ನಿಲ್ಲಿಸಲು ನೋಡುತ್ತಿದ್ದೇನೆ. ಮುದುಕಿ ಅದನ್ನು ಸುಗ್ರಾಳಿಗೆ ತೋರಿಸುತ್ತಿದ್ದಾಳೆ. ಸುಗ್ರಾ "ಅಯ್ಯ, ಇದೇನ ಯಕ್ಕಾ" ಎಂದಳು, ಆಮೇಲೆ ಇಬ್ಬರೂ ನಗತೊಡಗಿದರು.

ನೀವು ಇನ್ನೂ ಆ ಕಡೆಯೇ ನೋಡುತ್ತಿದ್ದೀರಿ. ಹೊರಳಿ, ಇಲ್ಲಿ ನನ್ನ ಪಕ್ಕದಲ್ಲಿ ಜಾಗವಿದೆ.